ಗುವಾಹಟಿಗೆ ಸಾಮಾನು ಕಟ್ಟಿದ ದಿನಗಳು

ಗುವಾಹಟಿಗೆ ಹೋಗುತ್ತೀರಾ ಎಂದು ನಮ್ಮ ಮ್ಯಾನೇಜರು ಕೇಳಿದಾಗ ನಾನು ಅವರ ಕೋಣೆಯಲ್ಲಿ ನಿಂತಲ್ಲೇ ಹೂಂ ಅಂದುಬಿಟ್ಟೆ. ನಮ್ಮದು ನೀರಿನ ಪಂಪು ಮಾಡುವ ಕಂಪನಿ. ಅದರ ದುರಸ್ತಿ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದವನು. ಈಶಾನ್ಯದ ರಾಜ್ಯಗಳಿಗೆಲ್ಲ ಸೇರಿಸಿ ಗುವಾಹಟಿಯಲ್ಲಿ ಒಂದು ಹೊಸ ಸರ್ವಿಸ್ ಕೇಂದ್ರ ತೆರೆಯುತ್ತಿದ್ದರು, ಅದನ್ನು ನಡೆಸಲು ಒಬ್ಬ ಹಳಬ ಬೇಕಾಗಿತ್ತು. ನನಗಾಗ ನಲವತ್ತೊಂಬತ್ತು. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಮುಖ್ಯಸ್ಥನಾಗು ಎಂದು ಕರೆದಿರಲಿಲ್ಲ. ಕರೆದದ್ದೇ ಸಾಕಾಯಿತು. ಗುವಾಹಟಿ ಪುಣೆಯಿಂದ ಎಷ್ಟು ದೂರ ಎಂದು ಕೂಡ ನಾನು ಆ ಕ್ಷಣದಲ್ಲಿ ಯೋಚಿಸಲಿಲ್ಲ.

ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಹಾಲ್‌ನಲ್ಲಿ ಕೂತು ಆರಿದ ರೊಟ್ಟಿಗಳನ್ನು ಎಣಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನಾನು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದೆ. ಆಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿ, ಯಾವಾಗ ಹೋಗಬೇಕು ಎಂದಷ್ಟೇ ಕೇಳಿದಳು. ಜೂನ್ ನಡುವೆ ಎಂದೆ. ಹಾಗಾದರೆ ಬಹಳ ದಿನ ಇಲ್ಲ ಎಂದು ಮತ್ತೆ ಸುತ್ತತೊಡಗಿದಳು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಹತ್ತನೆಯ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ಮಗಳು ಮಾತ್ರ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೂ ಬರಲಿಲ್ಲ. ಆಕೆಯ ಗೆಳತಿಯರೆಲ್ಲ ಒಂದೇ ಕಾಲೇಜಿಗೆ ಅರ್ಜಿ ಹಾಕುವ ಮಾತಾಡಿಕೊಂಡಿದ್ದರಂತೆ. ಎರಡು ದಿನದಲ್ಲಿ ಸರಿಹೋಗುತ್ತಾಳೆ ಎಂದು ನಾನು ಹೆಂಡತಿಗೆ ಹೇಳಿದೆ. 

ನಾವು ಬಿಬವೇವಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಹಳೆಯ ಹೌಸಿಂಗ್ ಸೊಸೈಟಿ, ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಹದಿನಾಲ್ಕು ವರ್ಷದ ಮನೆಯೊಳಗೆ ಏನೇನು ಸೇರಿಕೊಂಡಿರುತ್ತದೆ ಎಂಬುದು ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಆ ಬಿಚ್ಚುವ ಕೆಲಸವೂ ಮೊದಲ ಮೂರು ವಾರ ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ಅದನ್ನು ಆಕೆಯೇ ಮಾಡಿದಳು. ನಾನು ಕೆಲಸ ಒಪ್ಪಿಸಬೇಕು ಎಂದು ಹೇಳಿಕೊಂಡು ಬೆಳಗ್ಗೆ ಎಂಟಕ್ಕೆ ಹೋದವನು ಸಂಜೆ ಎಂಟಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಆಕೆ ಗ್ಯಾಸ್ ಏಜೆನ್ಸಿಗೆ ಎರಡು ಸಲ, ಮಗಳ ಶಾಲೆಗೆ ಮೂರು ಸಲ ಹೋಗಿ ಬಂದಿರುತ್ತಿದ್ದಳು. ಶಾಲೆ ಬಿಟ್ಟ ದಾಖಲೆಯಲ್ಲಿ ನಮ್ಮ ಅಡ್ಡಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದೊಂದು ಅಕ್ಷರಕ್ಕಾಗಿ ಮೇ ತಿಂಗಳ ಬಿಸಿಲಲ್ಲಿ ಮೂರು ಸಲ. ಮೂರನೆಯ ಸಲ ಬಂದು ನೀರು ಕುಡಿಯದೆ ನೆಲದ ಮೇಲೆ ಹಾಗೇ ಒರಗಿದ್ದಳೆಂದು ಮಗಳು ಆಮೇಲೆ ಹೇಳಿದಳು. ನಾನು ಮನೆಗೆ ಬಂದು ನನಗೆಷ್ಟು ದಣಿವಾಗಿದೆ ಎಂದು ಹೇಳುತ್ತಿದ್ದೆ, ಆಕೆ ಚಹಾ ಮಾಡಿ ಕೊಡುತ್ತಿದ್ದಳು. 

ಇದೆಲ್ಲದರ ನಡುವೆ ರೊಟ್ಟಿಯೂ ನಿಂತಿರಲಿಲ್ಲ. ಆಕೆ ವಿಜಯಪುರದ ಕಡೆಯವಳು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸುತ್ತಮುತ್ತಲಿನ ಮನೆಗಳಿಗೆ ಮಾರುತ್ತಿದ್ದಳು. ಮೊದಲು ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಎನ್ನುವವರು, ತಮ್ಮ ಅಣ್ಣನಿಗಾಗಿ ಹತ್ತು ರೊಟ್ಟಿ ಕೇಳಿದರಂತೆ. ಅಲ್ಲಿಂದ ಶುರುವಾಗಿ ಒಂಬತ್ತು ವರ್ಷದಲ್ಲಿ ಇಪ್ಪತ್ತಾರು ಮನೆಗಳಾಗಿದ್ದವು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಡಿಯಲು ಕೂರುತ್ತಿದ್ದಳು. ನಾನು ಆ ಸದ್ದಿನಲ್ಲೇ ನಿದ್ದೆ ಮಾಡಲು ಕಲಿತಿದ್ದೆ. ಯಾರಾದರೂ ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರೆ ಮನೆಯಲ್ಲೇ ಇರುತ್ತಾಳೆ ಎನ್ನುತ್ತಿದ್ದೆ.

ನಾಲ್ಕನೆಯ ವಾರದ ಒಂದು ಮಂಗಳವಾರ ಮಧ್ಯಾಹ್ನ ಮಗಳ ಫೋನು ಬಂತು. ಅಡುಗೆಮನೆಯ ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಇಳಿಸಲು ಅಮ್ಮ ಸ್ಟೂಲ್ ಹತ್ತಿದ್ದಳು, ಹಂಡೆ ಕೈಗೆ ಬಂದಾಗ ಸೊಂಟದಲ್ಲಿ ಏನೋ ಹಿಡಿದುಕೊಂಡಿತು, ಈಗ ನೆಲದ ಮೇಲಿದ್ದಾಳೆ, ಹೊರಳಲೂ ಆಗುತ್ತಿಲ್ಲ ಎಂದಳು. ಫೋನು ಇಟ್ಟ ಕೂಡಲೆ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ, ಇನ್ನು ಇಪ್ಪತ್ತು ದಿನ ಇದೆ, ಹೇಗೆ ಮಾಡುವುದು ಎಂಬುದಾಗಿತ್ತು. ಆಕೆಗೆ ಎಷ್ಟು ನೋವಾಗಿರಬಹುದು ಎಂಬುದು ಎರಡನೆಯದು. ಯಾರೂ ನೋಡದ ವಿಚಾರ ಅದು, ಆದರೂ ನಾನು ಮರೆತಿಲ್ಲ.

ಕಾತ್ರಜ ರಸ್ತೆಯಲ್ಲಿ ಒಬ್ಬರು ಮೂಳೆ ಡಾಕ್ಟರಿದ್ದರು. ಅವರಲ್ಲಿಗೆ ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನೂ ಸೊಸೈಟಿಯ ವಾಚ್‌ಮನ್ನನೂ ಎತ್ತಿ ಇಳಿಸಿದೆವು. ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ, ಬೆನ್ನಿನ ಮಣಿಗಳ ನಡುವಿನ ಡಿಸ್ಕ್ ಸರಿದಿದೆ ಎಂದರು. ಮೂರು ವಾರ ಮಲಗಿರಬೇಕು, ಆಮೇಲೆ ಬೆಲ್ಟ್ ಹಾಕಿಕೊಂಡು ನಿಧಾನಕ್ಕೆ ಓಡಾಡಬಹುದು, ಭಾರ ಎತ್ತುವುದು ಮಾತ್ರ ತಿಂಗಳುಗಟ್ಟಲೆ ಬೇಡ. ಬಾಗಿ ಕೂತು ಮಾಡುವ ಕೆಲಸವೂ ಬೇಡ ಎಂದು ಸೇರಿಸಿದರು. ಆಕೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ರೊಟ್ಟಿ ಬಡಿಯುವುದೆಂದರೆ ಅದೇ ಅಲ್ಲವೆ, ಬಾಗಿ ಕೂತು ಮಾಡುವ ಕೆಲಸ.

ನಾನು ಹತ್ತು ದಿನ ರಜೆ ಹಾಕಿದೆ.

ಒಳಕೋಣೆಯಲ್ಲಿ ಗಾಳಿ ಬರುವುದಿಲ್ಲ ಎಂದು ಹಾಲ್‌ನಲ್ಲೇ ಹಾಸಿಗೆ ಹಾಕಿದೆವು. ಅಲ್ಲಿ ಮಲಗಿದರೆ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಆಕೆ ಮಲಗಿದಲ್ಲಿಂದ ಹೇಳುವುದು, ನಾನು ಕಟ್ಟುವುದು ಎಂದಾಯಿತು. ಮೊದಲ ದಿನವೇ ನನಗೆ ನನ್ನ ಮನೆಯ ಗುರುತು ಇಲ್ಲ ಎಂದು ತಿಳಿಯಿತು. ಜೀರಿಗೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಒಂದೇ ಅಳತೆಯ ಹದಿನೇಳು ಸ್ಟೀಲ್ ಡಬ್ಬಿಗಳು ಸಾಲಾಗಿ ಇದ್ದವು, ಒಂದರ ಮೇಲೂ ಹೆಸರಿರಲಿಲ್ಲ. ಆಕೆ ತಲೆ ಎತ್ತದೆ, ಎಡಗಡೆಯಿಂದ ನಾಲ್ಕನೆಯದು ಎನ್ನುತ್ತಿದ್ದಳು. ತೆರೆದರೆ ಅದೇ ಇರುತ್ತಿತ್ತು. ಗಾಜಿನ ಲೋಟಗಳನ್ನು ಹಳೆಯ ಸೀರೆಯಲ್ಲಿ ಸುತ್ತಬೇಕು, ಪೇಪರಿನಲ್ಲಲ್ಲ. ಇಡ್ಲಿ ಪಾತ್ರೆಯ ಒಳಗೆ ಮಸಾಲೆ ಡಬ್ಬಿ ಕೂರುತ್ತದೆ, ಅದರೊಳಗೆ ಚಮಚ. ನಾನು ಮೊದಲ ದಿನ ಕಟ್ಟಿದ ಮೂರು ರಟ್ಟಿನ ಡಬ್ಬಗಳನ್ನು ಮರುದಿನ ಬಿಚ್ಚಿಸಿ ಮತ್ತೆ ಕಟ್ಟಿಸಿದಳು. ನನಗೆ ಸಿಟ್ಟು ಬಂತು. ನಿನಗೆ ಪಂಪು ಬಿಚ್ಚಲು ಕೊಟ್ಟರೆ ಗೊತ್ತಾಗುತ್ತಿತ್ತು ಎಂದು ಏನೋ ಅಂದೆ. ಮಗಳು ಹೊಸಿಲಲ್ಲಿ ನಿಂತು ನಕ್ಕಳು. ಅದು ಆ ತಿಂಗಳಲ್ಲಿ ಆಕೆ ನಕ್ಕ ಮೊದಲ ಸಲ ಇರಬೇಕು.

ಕಾಕೂ ದಿನಾ ಮಧ್ಯಾಹ್ನ ಭಾಜಿ, ಅನ್ನ ಮೇಲೆ ಕಳಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಮಂಡಿ ನೋವು. ಬೇಡವೆಂದರೂ ಕೇಳುತ್ತಿರಲಿಲ್ಲ. ಬಂದು ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಇಬ್ಬರೂ ಮರಾಠಿಯಲ್ಲಿ ಮಾತಾಡುವರು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ನಿಂತದ್ದು ನನಗೆ ಗೊತ್ತಾಗುತ್ತಿತ್ತು, ಆದರೆ ಸಾಮಾನು ಇನ್ನೂ ಅರ್ಧ ಬಾಕಿ ಇತ್ತು, ಅದರ ಬಗ್ಗೆ ಯೋಚಿಸುವಷ್ಟು ತ್ರಾಣ ಇರಲಿಲ್ಲ. ರಟ್ಟಿನ ಡಬ್ಬ, ಅಂಟುಟೇಪು, ಬೆವರು. ಕೈಗೆ ಸಿಕ್ಕದ್ದನ್ನೆಲ್ಲ ಇದು ಬೇಕಾ, ಬೇಡವಾ ಎಂದು ಕೇಳಬೇಕಿತ್ತು. ದಿನಕ್ಕೆ ನೂರು ಸಲ ಅದೇ ಪ್ರಶ್ನೆ. ಸಂಜೆಯ ಹೊತ್ತಿಗೆ ಇಬ್ಬರಿಗೂ ಯಾವುದೂ ಬೇಡ ಎನಿಸಿಬಿಡುತ್ತಿತ್ತು.

ರೊಟ್ಟಿಗೆ ಬರುವವರಿಗೆ ಬಾಗಿಲಲ್ಲಿ ಉತ್ತರ ಹೇಳುವುದೂ ನನ್ನ ಪಾಲಿಗೆ ಬಂತು. ಅವರು ಸೊಂಟ ಹೇಗಿದೆ ಎಂದು ಮೊದಲು ಕೇಳಿ, ಆಮೇಲೆ ಹೋಗುತ್ತೀರಂತೆ ನಿಜವೆ ಎಂದು ಕೇಳುತ್ತಿದ್ದರು.  ಹಲ್ಲಿಲ್ಲದ ಒಬ್ಬ ವೃದ್ಧರು ಖಾಲಿ ಚೀಲ ಹಿಡಿದು ಎರಡು ಮಹಡಿ ಹತ್ತಿ ಬಂದಿದ್ದರು. ನಾನು ಕುರ್ಚಿ ಕೊಟ್ಟೆ, ಕೂರಲಿಲ್ಲ. ನನ್ನ ಹೆಗಲ ಮೇಲಿಂದ ಒಳಗಿನ ಡಬ್ಬಗಳನ್ನು ನೋಡಿ ತಿರುಗಿ ಇಳಿದು ಹೋದರು.

ಶನಿವಾರ ಹಿಂಜವಾಡಿಯಿಂದ ಒಬ್ಬ ಹುಡುಗಿ ಬಂದಳು. ಅಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಊರು ಮೈಸೂರಿನ ಹತ್ತಿರ. ಹದಿನೈದು ದಿನಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬಂದು ತನಗೂ ಜೊತೆಯವರಿಗೂ ರೊಟ್ಟಿ ಒಯ್ಯುತ್ತಿದ್ದಳಂತೆ. ನನ್ನ ಹೆಂಡತಿಯ ಪಕ್ಕ ನೆಲದ ಮೇಲೇ ಕೂತು ಅರ್ಧ ಗಂಟೆ ಮಾತಾಡಿದಳು. ಅವರ ಮನೆಯಲ್ಲಿ ಮುದ್ದೆಯೇ ಊಟ, ರೊಟ್ಟಿ ತಿನ್ನಲು ಕಲಿತದ್ದೇ ಈ ಮನೆಯಲ್ಲಿ ಎಂದು ನನಗೆ ಹೇಳಿದಳು. ಪುಣೆಗೆ ಬಂದ ಹೊಸದರಲ್ಲಿ ಜ್ವರ ಬಂದಾಗ ಆಂಟಿ ಎರಡು ದಿನ ಇಲ್ಲೇ ಇಟ್ಟುಕೊಂಡಿದ್ದರು ಎಂದೂ ಹೇಳಿದಳು. ನನಗೆ ಮಸುಕಾಗಿ ನೆನಪಾಯಿತು. ಯಾರೋ ಹುಡುಗಿ ಒಳಗೆ ಮಲಗಿದ್ದಾಳೆ, ಸದ್ದು ಮಾಡಬೇಡಿ ಎಂದು ಹೆಂಡತಿ ಹೇಳಿದ್ದು. ಯಾರು ಎಂದು ನಾನು ಕೇಳಿರಲಿಲ್ಲ.

ಹೊರಡುವಾಗ ನಾನು ಬಾಗಿಲ ತನಕ ಹೋದೆ. ಹುಡುಗಿ ಚಪ್ಪಲಿ ಮೆಟ್ಟುತ್ತ ಕೇಳಿದಳು.

"ಅಂಕಲ್, ಆಂಟಿ ಅಲ್ಲಿಗ್ ಹೋಗಿ ಏನ್ ಮಾಡ್ತಾರೆ?"

ಚುಚ್ಚಿ ಕೇಳಿದ್ದಲ್ಲ, ಸುಮ್ಮನೆ ತಿಳಿಯಲು ಕೇಳಿದ್ದು. ನಾನು ಏನೋ, ನೋಡೋಣ, ಮೊದಲು ಬೆನ್ನು ಸರಿಯಾಗಲಿ ಎಂದೆ. ಆಕೆ ತಲೆಯಾಡಿಸಿ ಇಳಿದು ಹೋದಳು. ನಾನು ಒಳಗೆ ಬಂದು ಟೇಪು ಹುಡುಕುವವನಂತೆ ಸ್ವಲ್ಪ ಹೊತ್ತು ಬಗ್ಗಿ ನಿಂತೆ.  ನಾನು ಅಲ್ಲಿ ಹೋಗಿ ಏನು ಮಾಡುತ್ತೇನೆ ಎಂಬುದು ಕಂಪನಿ ಕೊಟ್ಟ ವರ್ಗಾವಣೆಯ ಹಾಳೆಯ ಮೇಲೆ ಬರೆದಿತ್ತು. ಮಗಳು ಏನು ಓದಬೇಕು, ಯಾವ ಶಾಲೆ ಎಂಬುದನ್ನೂ ವಿಚಾರಿಸಿದ್ದೆ.

ಎರಡು ದಿನ ಬಿಟ್ಟು ಸಾಮಾನು ಸಾಗಿಸುವವರ ಕಡೆಯವನೊಬ್ಬ ಬಂದು ಮನೆಯೆಲ್ಲ ಸುತ್ತಿ ಪಟ್ಟಿ ಮಾಡಿಕೊಂಡ. ಎಣ್ಣೆ, ಉಪ್ಪಿನಕಾಯಿ, ಹಿಟ್ಟು, ಕಾಳುಕಡಿ ಲಾರಿಗೆ ಹಾಕುವುದಿಲ್ಲ, ದಾರಿಯಲ್ಲಿ ಸೋರುತ್ತದೆ, ಹುಳ ಬೀಳುತ್ತದೆ ಎಂದ. ಬಾಲ್ಕನಿಯ ಮೂಲೆಯಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ ಇತ್ತು, ಮಂಡಿಯ ಮಟ್ಟದ್ದು. ಮುಚ್ಚಳ ತೆಗೆದು ನೋಡಿದೆ. ತುಂಬ ಜೋಳ, ಬೇವಿನ ಸೊಪ್ಪು ಹಾಕಿ ಹಸನು ಮಾಡಿ ಇಟ್ಟದ್ದು. ಅವನು ಹೋದ ಮೇಲೆ ಇದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದೆ.

"ಅದು ಬರಬೇಕು," ಎಂದಳು ಹೆಂಡತಿ.

"ಅಂವ ಒಯ್ಯೂದಿಲ್ಲ ಅಂದ. ಅಲ್ಲೇ ತಗೊಂಡ್ರಾತು."

"ಅಲ್ಲಿ ಜ್ವಾಳ ಸಿಗೂದಿಲ್ಲ."

"ನಿನಗ ಯಾರು ಹೇಳಿದ್ರು?"

 ನಾನು ಸುದ್ದಿ ತಂದ ಮರುದಿನವೇ ಆಕೆ ವಿಚಾರಿಸಿದ್ದಳಂತೆ. ಮಗಳಿಂದ ಫೋನಿನಲ್ಲಿ ಹುಡುಕಿಸಿದ್ದಳು, ಆ ಕಡೆ ಸೈನ್ಯದಲ್ಲಿದ್ದು ಬಂದ ಪಕ್ಕದ ಬಿಲ್ಡಿಂಗಿನವರೊಬ್ಬರನ್ನೂ ಕೇಳಿದ್ದಳು. ಅಲ್ಲಿಯವರು ಅನ್ನ ಉಣ್ಣುವವರು. ಜೋಳ ದೊಡ್ಡ ಅಂಗಡಿಯಲ್ಲಿ ಪುಟ್ಟ ಪ್ಯಾಕೆಟ್ಟಿನಲ್ಲಿ ಹಿಟ್ಟಾಗಿ ಸಿಕ್ಕರೆ ಸಿಕ್ಕೀತು, ಯಾವ ಕಾಲದ್ದೋ ಏನೋ. ಅಂಥ ಹಿಟ್ಟಿನಲ್ಲಿ ರೊಟ್ಟಿ ಏಳುವುದಿಲ್ಲ, ಸೀಳುತ್ತದೆ. ಇದನ್ನೆಲ್ಲ ಆಕೆ ಮೇಲಿನ ಛಾವಣಿ ನೋಡುತ್ತ, ಧ್ವನಿ ಏರಿಸದೆ ಹೇಳಿದಳು. ಮಧ್ಯಾಹ್ನದ ಎರಡು ಗಂಟೆ. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಮಗಳು ಕಾಕೂ ಮನೆಗೆ ಹೋಗಿದ್ದಳು.

"ಮತ್ತ ಮೊದಲ ಯಾಕ ಹೇಳಲಿಲ್ಲ ನೀ?" ಎಂದೆ.

"ನೀವು ಕೇಳಿದ್ರೇನು?"

"ಅವತ್ತ ಬಂದ ಕೂಡ್ಲೆ ನಿನಗ ಹೇಳಿದ್ನಲ್ಲ."

"ಹೇಳಿದ್ರಿ. ಕೇಳಲಿಲ್ಲ. ಹೌದು ಅಂತ ಅಲ್ಲೇ ಹೇಳಿ ಬಂದಿದ್ರಿ. ಆಮ್ಯಾಲ ನಾ ಏನನ್ನಬೇಕಿತ್ತು?" ಮತ್ತೆ ಅಂದಳು, "ಒಂಬತ್ತು ವರ್ಷ ನಂದೂ ಒಂದು ಕೆಲಸ ಇತ್ತರಿ."

ನಾನು ಡಬ್ಬದ ಮೇಲೆ ಕೂತೆ. ಉತ್ತರ ಕೊಡಬೇಕೆಂದು ಹಲವು ಮಾತು ನೆನಪಾದವು. ನಿಮಗಾಗಿಯೇ ಅಲ್ಲವೆ, ಮಗಳ ಓದಿಗಾಗಿಯೇ ಅಲ್ಲವೆ ಎಂಬಂಥವು. ಯಾವುದೂ ಪೂರ್ತಿ ನಿಜವಲ್ಲ ಎಂದು ನನಗೇ ಗೊತ್ತಿತ್ತು. ಮ್ಯಾನೇಜರ ಕೋಣೆಯಲ್ಲಿ ನಿಂತಾಗ ನನ್ನ ತಲೆಯಲ್ಲಿ ಹೆಂಡತಿಯೂ ಇರಲಿಲ್ಲ, ಮಗಳೂ ಇರಲಿಲ್ಲ. ನಾನೊಬ್ಬನೇ ಇದ್ದೆ.

"ನೀ ಬ್ಯಾಡಂದ್ರ ನಾಳೆ ಹೋಗಿ ಆಗೂದಿಲ್ಲ ಅಂತ ಹೇಳಿ ಬರ್ತೀನಿ," ಎಂದೆ. ಆ ಕ್ಷಣ ನಿಜವಾಗಿಯೂ ಹೇಳಿದ್ದು.

ಆಕೆ ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದಳು.

"ಅದನ್ನೂ ನನ್ನ ಮ್ಯಾಲ ಹಾಕಬ್ಯಾಡ್ರಿ. ಈಗ ನಿಂತ್ರ, ಇಕಿ ಸಲುವಾಗಿ ನಿಂತ್ನಿ ಅಂತ ಸಾಯೂತನಕ ನಿಮ್ಮ ಮನಸ್ಸಿನ್ಯಾಗ ಇರ್ತದ. ಹೋಗೂಣು. ಆದ್ರ ನನ್ನ ಸೊಂಟ ನೆಟ್ಟಗಾದ ಮ್ಯಾಲೆ ಹೋಗೂಣು. ನೀವು ನಿಮ್ಮ ಆಫೀಸಿನ ಕೆಲಸ ಒಪ್ಪಿಸಿ ಬರ್ತೀರಲ್ಲ, ಹಂಗ ನನ್ನ ಕೆಲಸಾನೂ ಒಬ್ಬರಿಗೆ ಒಪ್ಪಿಸಿ ಹೋಗೂಣು."

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ಅತ್ತಳೋ ಇಲ್ಲವೋ ಗೊತ್ತಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟೆ. ಚಹಾಪುಡಿಯ ಡಬ್ಬಿಯನ್ನು ಬೆಳಗ್ಗೆಯೇ ಕಟ್ಟಿಬಿಟ್ಟಿದ್ದೆ. ಯಾವ ಡಬ್ಬದೊಳಗೆ ಎಂದು ಕೇಳಲು ಧೈರ್ಯವಾಗದೆ ನಾಲ್ಕು ಡಬ್ಬ ಬಿಚ್ಚಿದೆ.

ಮರುದಿನ ಆಫೀಸಿಗೆ ಫೋನು ಮಾಡಿ ಜೂನ್ ಹದಿನೈದಕ್ಕೆ ಹಾಜರಾಗಲು ಆಗುವುದಿಲ್ಲ, ಹೆಂಡತಿ ಏಳುವ ತನಕ ಸಮಯ ಬೇಕು ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಹಾಗೆ ಕೇಳಿದವನಲ್ಲ. ಮ್ಯಾನೇಜರು ಗೊಣಗಿದರು, ಆಮೇಲೆ ಎರಡು ವಾರ ಕೊಟ್ಟರು. ಇಷ್ಟು ಸುಲಭವೆ ಎನಿಸಿತು. ಮೊದಲೇ ಒಂದು ದಿನ ಕೊಡಿ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದಿದ್ದರೂ ಕೊಡುತ್ತಿದ್ದರೋ ಏನೋ.

ತನ್ನ ಕೆಲಸ ಒಪ್ಪಿಸಲು ಹೆಂಡತಿ ಆಗಲೇ ಒಬ್ಬರನ್ನು ನೋಡಿಟ್ಟಿದ್ದಳು. ಕಾಕೂ ಹತ್ತಿರ ಮಾತಾಡುತ್ತಿದ್ದದ್ದು ಇದೇ. ಹಿಂದಿನ ಓಣಿಯಲ್ಲಿ ಸೋಲಾಪುರದ ಕಡೆಯ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಮನೆಯ ಅಡುಗೆ ಮಾಡುತ್ತಿದ್ದಳು, ಜೋಳದ ಭಾಕರಿ ಚೆನ್ನಾಗಿ ಮಾಡುತ್ತಾಳೆ ಎಂದು ಕಾಕೂ ಕಂಡುಕೊಂಡಿದ್ದರು. ಆಕೆ ಬಂದು ಹಾಸಿಗೆಯ ಪಕ್ಕ ಕೂತಳು. ಗೋಡೆಗೆ ಒರಗಿ ಕೂರುವಷ್ಟು ನನ್ನ ಹೆಂಡತಿಗೆ ಆಗ ಆಗುತ್ತಿತ್ತು. ಇಪ್ಪತ್ತಾರು ಮನೆಗಳನ್ನು ಒಂದೊಂದಾಗಿ ಹೇಳಿದಳು, ಕಾಗದ ನೋಡದೆ. ಈ ಮನೆಯವರಿಗೆ ಎಳ್ಳು ಹಚ್ಚಿದ್ದು, ಆ ಮನೆಯವರಿಗೆ ಎಳ್ಳು ಆಗುವುದಿಲ್ಲ. ಇವರು ಸೋಮವಾರ ಉಪವಾಸ, ಅಂದು ಹೋಗಬೇಡ. ಹಲ್ಲಿಲ್ಲದ ಅಜ್ಜನಿಗೆ ಖಡಕ್ ಬೇಡ, ತೆಳ್ಳಗೆ ಬಡಿದು ಮೆತ್ತಗಿನದು ಬಟ್ಟೆಯಲ್ಲಿ ಸುತ್ತಿ ಕೊಡಬೇಕು, ಅವರು ತಾವಾಗಿ ಕೇಳುವುದಿಲ್ಲ. ಮೂಲೆ ಮನೆಯ ಸೊಸೆಗೆ ಎರಡು ರೊಟ್ಟಿ ಹೆಚ್ಚು ಹಾಕು, ಯಾಕೆಂದು ಕೇಳಬೇಡ. ಇದೆಲ್ಲ ಮರಾಠಿಯಲ್ಲಿ ನಡೆಯಿತು, ಎರಡು ಮಧ್ಯಾಹ್ನ ಹಿಡಿಯಿತು. ಆ ಹೆಂಗಸು ಬರೆಯಲು ಬಾರದವಳು, ಬಾಯಿಂದ ತಿರುಗಿ ಹೇಳಿ ಗಟ್ಟಿ ಮಾಡಿಕೊಂಡಳು. ತಪ್ಪಿದಲ್ಲಿ ನನ್ನ ಹೆಂಡತಿ ತಡೆದು ತಿದ್ದುತ್ತಿದ್ದಳು.

ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಕಟ್ಟುತ್ತ ಕೇಳುತ್ತಿದ್ದೆ. ಆಫೀಸಿನಲ್ಲಿ ನನ್ನ ಕೆಲಸ ಒಪ್ಪಿಸಲು ಒಂದು ಗಂಟೆ ಸಾಕಾಗಿತ್ತು. ಬೀಗದ ಗೊಂಚಲು, ನಾಲ್ಕು ಫೈಲು, ಒಂದು ಸಹಿ. ನನ್ನ ಜಾಗಕ್ಕೆ ಬಂದವನಿಗೆ ಯಾರ ಹೆಸರನ್ನೂ ಹೇಳಿರಲಿಲ್ಲ.

ರೊಟ್ಟಿಯ ಕಬ್ಬಿಣದ ಹಂಚು, ಹಿಟ್ಟು ನಾದುವ ದೊಡ್ಡ ಪರಾತ ಆ ಹೆಂಗಸಿಗೇ ಹೋದವು. ಜೋಳದ ಡಬ್ಬಿಯಲ್ಲಿ ಮುಕ್ಕಾಲು ಪಾಲೂ ಆಕೆಗೆ. ಉಳಿದದ್ದನ್ನು ನಾನು ಗಿರಣಿಗೆ ಒಯ್ದು ಬೀಸಿಸಿ ತಂದು ಕೈಚೀಲದಲ್ಲಿ ಕಟ್ಟಿದೆ. ಹಂಚನ್ನು ಯಾಕೆ ಕೊಡುತ್ತೀ, ಅದಾದರೂ ಇರಲಿ ಎಂದು ನಾನಂದೆ. ಹಂಚಿದ್ದರೆ ದಿನಾ ಕಣ್ಣಿಗೆ ಬೀಳುತ್ತದೆ ಎಂದಳು.

ಮೊದಲೇ ಗೊತ್ತುಮಾಡಿದ್ದ ದಿನ ಬದಲಿಸಲು ಆಗದೆ ಜೂನ್ ಹನ್ನೊಂದಕ್ಕೇ ಲಾರಿ ಬಂತು. ಒಂದು ಬೆಳಗಿನಲ್ಲಿ ಮನೆ ಬರಿದಾಯಿತು. ಉಳಿದದ್ದು ಮೂರು ಹಾಸಿಗೆ, ಕಾಕೂ ಕೊಟ್ಟ ಒಂದು ಒಲೆ, ಎರಡು ಪಾತ್ರೆ, ನಾಲ್ಕು ತಟ್ಟೆ. ಆ ಬರಿದಾದ ಮನೆಯಲ್ಲಿ ನಾವು ಹನ್ನೆರಡು ದಿನ ಇದ್ದೆವು. ಕಟ್ಟಲು ಏನೂ ಇರಲಿಲ್ಲ. ಮೂವರೂ ಯಾವಾಗೆಂದರೆ ಆವಾಗ ನಿದ್ದೆ ಹೋಗುತ್ತಿದ್ದೆವು, ತಿಂಗಳ ದಣಿವು ಒಮ್ಮೆಲೇ ಬಿದ್ದ ಹಾಗೆ. ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು, ಹಾಗಾಗಿ ಮೆಲ್ಲಗೆ ಮಾತಾಡುತ್ತಿದ್ದೆವು. ಸಂಜೆ ಬೆಲ್ಟ್ ಕಟ್ಟಿಕೊಂಡು ಹೆಂಡತಿ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಮಗಳು ಎಣಿಸುತ್ತಿದ್ದಳು, ಇವತ್ತು ಹದಿನೆಂಟು ಸುತ್ತು, ಇವತ್ತು ಮೂವತ್ತು. ಮಗಳ ಫಲಿತಾಂಶವೂ ಆಗಲೇ ಬಂದಿತ್ತು, ಚೆನ್ನಾಗಿಯೇ ಬಂದಿತ್ತು. ಗೆಳತಿಯರು ಬಂದು ಖಾಲಿ ಹಾಲ್‌ನಲ್ಲಿ ಕೂತು ಗಟ್ಟಿಯಾಗಿ ಮಾತಾಡಿ, ಹೋಗುವಾಗ ಅತ್ತರು. ಮಗಳು ಅವರೆದುರು ಅಳಲಿಲ್ಲ. ಅವರು ಹೋದ ಮೇಲೆ ಅಮ್ಮನ ಪಕ್ಕ ಹೋಗಿ ಮಲಗಿದಳು. ನಾನು ಮಗಳಿಗೆ, ನಿನ್ನನ್ನೂ ಕೇಳಲಿಲ್ಲ, ತಪ್ಪಾಯಿತು ಎಂದೆ. ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡೇ, ಹೋಗ್ಲಿ ಬಿಡಪ್ಪಾ ಎಂದಳು. ಕ್ಷಮಿಸಿದ್ದೋ, ಸಾಕಾಗಿ ಅಂದದ್ದೋ, ತಿಳಿಯಲಿಲ್ಲ.

ಹೊರಡುವ ದಿನ ಹೆಂಡತಿ ಒಂದೊಂದೇ ಮೆಟ್ಟಿಲು ಇಳಿದಳು. ಕುರ್ಚಿ ಬೇಡವೆಂದಳು. ಮುಂದೆ ನಾನು, ಹಿಂದೆ ಮಗಳು. ಮೊದಲ ಮಹಡಿಯಲ್ಲಿ ಕಾಕೂ ಬಾಗಿಲಲ್ಲಿ ನಿಂತಿದ್ದರು. ಕುಂಕುಮ ಹಚ್ಚಿ, ಕೈಗೆ ಒಂದು ಕುಪ್ಪಸದ ಕಣ, ತೆಂಗಿನಕಾಯಿ ಕೊಟ್ಟರು. ತೆಂಗಿನಕಾಯಿಯ ಭಾರವೂ ಬೇಡ ಎಂದು ಅದನ್ನು ಆಕೆಯ ಕೈಯಿಂದ ತೆಗೆದು ನನ್ನ ಕೈಗೆ ಇಟ್ಟರು.  

ರೈಲಿನಲ್ಲಿ ಮಲಗಿಕೊಂಡು ಹೋಗಬಹುದು, ಅದೇ ವಾಸಿ ಎಂದು ಡಾಕ್ಟರು ಹೇಳಿದ್ದರಿಂದ ವಿಮಾನ ಬಿಟ್ಟು ರೈಲು ಹಿಡಿದಿದ್ದೆವು. ಹೌರಾದಲ್ಲಿ ಗಾಡಿ ಬದಲಿಸಿ ಮೂರು ದಿನ. ಕೆಳಗಿನ ಬರ್ತಿನಲ್ಲಿ ಆಕೆ ಹೆಚ್ಚು ಹೊತ್ತು ನಿದ್ದೆಯಲ್ಲಿದ್ದಳು. ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟು ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತೋಚದೆ ಇದ್ದು ಮತ್ತೆ ಮುಚ್ಚುತ್ತಿದ್ದಳು.

ಎರಡು ವರ್ಷವಾಯಿತು. ಗುವಾಹಟಿಯ ಮನೆ ನೆಲಮಹಡಿಯದು, ಹಿತ್ತಲಿದೆ, ಮಳೆ ಬಹಳ. ಕೇಂದ್ರದ ಕೆಲಸ ನಾನು ಅಂದುಕೊಂಡಷ್ಟು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮಗಳಿಗೆ ಎಂಟು ತಿಂಗಳು ಕಷ್ಟವಾಯಿತು, ಈಗ ಕಾಲೇಜಿನಿಂದ ತಡವಾಗಿ ಬರುತ್ತಾಳೆ, ಹಾಗೆಂದರೆ ಗೆಳತಿಯರು ಸಿಕ್ಕಿದ್ದಾರೆ. ರೊಟ್ಟಿಯ ಕೆಲಸ ಇಲ್ಲಿ ಶುರುವಾಗಲಿಲ್ಲ. ತಂದ ಹಿಟ್ಟು ಎರಡು ತಿಂಗಳಲ್ಲಿ ಮುಗಿಯಿತು. ಚಪಾತಿಯ ತವೆಯ ಮೇಲೆ, ನಿಂತುಕೊಂಡು, ನಮ್ಮ ಮೂವರಿಗಷ್ಟೇ ಮಾಡಿದ್ದಳು. ಹೆಂಡತಿ ಒಮ್ಮೊಮ್ಮೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಏನೂ ಮಾಡದೆ ಮಳೆ ನೋಡುತ್ತಾಳೆ. ಬೇಜಾರೇ ಎಂದು ಕೇಳಿದರೆ, ಬೇಜಾರಲ್ಲ, ಹೊತ್ತು ಹೋಗುವುದಿಲ್ಲ ಎನ್ನುತ್ತಾಳೆ. ಪಕ್ಕದ ಮನೆಯಾಕೆಯ ಜೊತೆ ತರಕಾರಿಗೆ ಹೋಗಿ ಬರುತ್ತಾಳೆ, ಇಲ್ಲಿಯ ಮಾತು ನನಗಿಂತ ಹೆಚ್ಚು ಕಲಿತಿದ್ದಾಳೆ. ಮೊನ್ನೆ ಆ ಪಕ್ಕದಾಕೆ ಹೊಲಿಗೆ ಕಲಿಯಲು ಕರೆದಿದ್ದಾಳಂತೆ. ಹೋಗಲೋ ಬೇಡವೋ ಎಂದು ಇನ್ನೂ ಯೋಚನೆ ಮಾಡುತ್ತಿದ್ದಾಳೆ. ಹೋಗು ಎಂದು ನಾನು ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಸೊಂಟ ಈಗಲೂ ಚಳಿಗೆ ಹಿಡಿಯುತ್ತದೆ. ಬೆಳಗ್ಗೆ ನೀರಿನ ಕೊಡ ನಾನೇ ತುಂಬಿ ಇಡುತ್ತೇನೆ.